ಮಲಗಿದ ಕಿವಿಗಳ ಬೆನ್ನು ಹತ್ತಿ

ಬೆಳಿಗ್ಗೆ ಆರೂವರೆಗೆ ದಾವಣಗೆರೆಯಲ್ಲಿ ಚನ್ನಗಿರಿ ಬಸ್ಸು ಹತ್ತಿದೆ. ಕಾರ್ತಿಕದ ಮಂಜು ಇನ್ನೂ ಕರಗಿರಲಿಲ್ಲ. ಕಂಡಕ್ಟರ್ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು, ನನ್ನ ಮಡಿಲಲ್ಲಿದ್ದ ಪೆಟ್ಟಿಗೆಯನ್ನು ನೋಡಿ, "ಅದರಾಗೆ ಏನೈತೆ ರೀ, ಅಷ್ಟು ಜೋಪಾನ?" ಎಂದ. ಕಿವಿ ಪರೀಕ್ಷೆ ಮಾಡುವ ಮಿಷನ್ನು ಎಂದೆ. "ಹಂಗಾದ್ರೆ ನಮ್ಮ ಡ್ರೈವರಿಗೆ ಒಂದ್ಸಲ ಹಚ್ಚಿ ನೋಡ್ರಿ, ಎಷ್ಟು ಸೀಟಿ ಊದಿದ್ರೂ ನಿಲ್ಸಂಗಿಲ್ಲ" ಎನ್ನುತ್ತ ಮುಂದೆ ಹೋದ.

ನಾನು ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೂಸುಗಳ ಕಿವಿ ನೋಡುವವಳು. ಹುಟ್ಟಿದ ಎರಡನೆಯ ದಿನವೋ ಮೂರನೆಯ ದಿನವೋ ಮಗುವಿನ ಕಿವಿಗೆ ಮೆತ್ತನೆಯ ಒಂದು ಬಿರಡೆ ಇಟ್ಟು ಟಿಕ್ ಟಿಕ್ ಎಂಬ ಸಣ್ಣ ಸದ್ದು ಕಳಿಸುತ್ತೇವೆ. ಒಳಗಿವಿ ಚೆನ್ನಾಗಿದ್ದರೆ ಅದು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ತಾನೂ ಒಂದು ಮರುದನಿ ಕೊಡುತ್ತದೆ. ನಮಗೆ ನಿಮಗೆ ಕೇಳುವ ದನಿಯಲ್ಲ ಅದು. ಯಂತ್ರಕ್ಕೆ ಮಾತ್ರ ಕೇಳುತ್ತದೆ. ಕೇಳಿದರೆ ಪರದೆಯ ಮೇಲೆ ಹಸಿರು, ಇಲ್ಲದಿದ್ದರೆ ಕೆಂಪು. ಇಷ್ಟು ವರ್ಷವಾದರೂ ಆ ಮರುದನಿಯ ವಿಚಾರ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಒಂದೇ ತೊಂದರೆ ಎಂದರೆ ಮಗು ಮಲಗಿರಬೇಕು, ಸುತ್ತ ಸದ್ದಿರಬಾರದು. ಹೆರಿಗೆ ವಾರ್ಡಿನಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ. ಕೆಂಪು ಬಂದ ಮಕ್ಕಳನ್ನು ತಿಂಗಳು ಬಿಟ್ಟು ಮತ್ತೆ ಕರೆತನ್ನಿ ಎಂದರೆ ಎಷ್ಟೋ ಜನ ಬರುವುದಿಲ್ಲ. ಬಾಣಂತಿಯನ್ನು ಬಸ್ಸಿನಲ್ಲಿ ಕೂರಿಸಲು ಮನೆಯ ಹಿರಿಯರು ಒಪ್ಪಬೇಕಲ್ಲ. ಹಾಗಾಗಿ ಈ ಸಲ ನಾನೇ ಹೊರಟಿದ್ದೆ. ನಾಲ್ಕು ತಾಲ್ಲೂಕು, ನಾಲ್ಕು ಕೂಸು, ಎರಡು ದಿನ.

ನಾಲ್ಕರಲ್ಲಿ ನನ್ನ ಜೀವ ತಿನ್ನುತ್ತಿದ್ದದ್ದು ಕೊನೆಯದು, ಜಗಳೂರು ಕಡೆಯ ರೇಖಾಳ ಮಗ. ಎರಡು ತಿಂಗಳ ಕೂಸು. ಅವಳ ಮೊದಲ ಮಗಳು ಭೂಮಿಕಾಗೆ ಏಳು ವರ್ಷ, ಕಿವಿ ಕೇಳುವುದಿಲ್ಲ. "ನಮ್ಮ ಮನೆತನದಾಗೆ ಎಲ್ಲಾರಿಗೂ ಮಾತು ತಡ" ಎಂದು ನಾಲ್ಕು ವರ್ಷ ಕಾದಿದ್ದರು. ಅಷ್ಟರಲ್ಲಿ ಮಾತು ಕಲಿಯುವ ಎಳೆತನ ಕಳೆದೇಹೋಗಿತ್ತು. ಬಸ್ಸು ಹೊರಡುವ ಮುಂಚೆಯೇ ರೇಖಾ ಫೋನು ಮಾಡಿದ್ದಳು. "ಮೊದ್ಲು ನಮ್ಮೂರಿಗೆ ಬರಾಕೆ ಆಗಲ್ವೇನ್ರೀ? ಇವನಿಗೂ ಕೇಳಲ್ಲ ಅಂದ್ರೆ ಇವತ್ತೇ ಹೇಳಿಬಿಡ್ರಿ. ಇನ್ನೊಂದ್ಸಲ ತಡ ಮಾಡಿದ್ರೆ ನನ್ನನ್ನ ನಾನೇ ಕ್ಷಮಿಸಂಗಿಲ್ಲ." ನಾಳೆ ಮಧ್ಯಾಹ್ನ ಖಂಡಿತ ಎಂದೆ.

ತ್ಯಾವಣಿಗೆ ಬರುವ ಹೊತ್ತಿಗೆ ಮಂಜಿನೊಳಗಿಂದ ಭತ್ತದ ಗದ್ದೆಗಳು ಒಂದೊಂದೇ ಮೇಲೆದ್ದವು. ಸಂತೇಬೆನ್ನೂರಿನಲ್ಲಿ ಇಳಿದಾಗ ಅಂದು ಸಂತೆ ಎಂದು ಗೊತ್ತಾಯಿತು. ಮೊದಲ ಕೂಸಿನ ಮನೆ ಸಂತೆಬೀದಿಯಲ್ಲೇ ಇತ್ತು. ಈರುಳ್ಳಿಯವನ ಮೈಕು, ಕುರಿಗಳ ಕೂಗು, ಟೆಂಪೋಗಳ ಹಾರ್ನು ಎಲ್ಲ ಅಡುಗೆಮನೆಯವರೆಗೂ ಬರುತ್ತಿತ್ತು. ಕೊನೆಗೆ ಕೂಸಿನ ತಾತನೇ ಉಪಾಯ ಹೇಳಿದರು. "ಹೊಂಡದ ಮೆಟ್ಟಿಲಿಗೆ ಹೋಗಾಣ ಬರ್ರಿ. ಕೆಳಗೆ ಇಳಿದ್ರೆ ಮೇಲಿನ ಸದ್ದು ಬರಂಗಿಲ್ಲ."

ಪುಷ್ಕರಿಣಿಯ ಮೆಟ್ಟಿಲು ಇಳಿದಂತೆ ಸಂತೆ ನಿಜಕ್ಕೂ ಮೇಲೆಯೇ ಉಳಿಯಿತು. ನೀರಿನ ನಡುವೆ ಕಲ್ಲಿನ ಮಂಟಪ, ಅದರ ನೆರಳು ಅಲ್ಲಾಡದೆ ಬಿದ್ದಿತ್ತು. ಕಂಬಳಿಯಲ್ಲಿ ಸುತ್ತಿದ ಕೂಸು ತಾಯಿಯ ತೊಡೆಯ ಮೇಲೆ ಆಕಳಿಸಿ ಕಣ್ಣು ಮುಚ್ಚಿತು. ಬಿರಡೆ ಇಟ್ಟೆ. ಒಂದು ನಿಮಿಷ ನಾವು ಮೂವರೂ ಉಸಿರು ಬಿಗಿಹಿಡಿದು ನೀರು ನೋಡುತ್ತ ಕುಳಿತೆವು. ಎರಡು ಕಿವಿಯೂ ಹಸಿರು. ತಾತ ನನಗೆ ಸಂತೆಯ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸಿ ಬಸ್ಸು ಹತ್ತಿಸಿದರು.

ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿ ಸೇರಿದಾಗ ನಾಲ್ಕು ಗಂಟೆ. ಅಲ್ಲಿಯ ಕೂಸು ಹೊಳೆಯ ದಿಕ್ಕಿನ ಕೋಣೆಯಲ್ಲಿ ಆಗಲೇ ಮಲಗಿತ್ತು. ಹೋದ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ಹಸಿರು. ಆಮೇಲೆ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದೆ. ನೀರು ಬಂಡೆಗಳ ನಡುವೆ ಅವಸರವಿಲ್ಲದೆ ಹೋಗುತ್ತಿತ್ತು. ಮನಸ್ಸು ಮಾತ್ರ ಜಗಳೂರಿನಲ್ಲಿತ್ತು. ರಾತ್ರಿ ಹೊನ್ನಾಳಿಯಲ್ಲೇ ಗೆಳತಿಯ ಮನೆಯಲ್ಲಿ ತಂಗಿದೆ.

ಮರುದಿನ ನ್ಯಾಮತಿಗೆ ಅರ್ಧ ಗಂಟೆಯ ದಾರಿ. ಸೂರಗೊಂಡನಕೊಪ್ಪದ ಹತ್ತಿರದ ಲಂಬಾಣಿ ತಾಂಡಾದಲ್ಲಿ ಮೂರನೆಯ ಕೂಸು. ಅದು ಐದು ತಿಂಗಳ ಹಠಮಾರಿ. ಹಾಲು ಕುಡಿಯಿತು, ನಕ್ಕಿತು, ನನ್ನ ಕನ್ನಡಕ ಎಳೆಯಿತು, ಮಲಗಲಿಲ್ಲ. ಅದರ ಅಜ್ಜಿ ತಮ್ಮ ಮಾತಿನಲ್ಲಿ ಜೋಗುಳ ಹಾಡತೊಡಗಿದರು. ಒಂದು ಪದವೂ ನನಗೆ ತಿಳಿಯಲಿಲ್ಲ. ಬಾಗಿಲಾಚೆ ಎಳೆಬಿಸಿಲು, ಒಳಗೆ ಆ ರಾಗ. ಕಣ್ಣು ಬಿಟ್ಟಾಗಲೇ ಗೊತ್ತಾಯಿತು, ಗೋಡೆಗೊರಗಿ ನಾನೇ ನಿದ್ದೆ ಹೋಗಿದ್ದೆ. "ಡಾಕ್ಟ್ರಮ್ಮ ಮಲಗಿದ್ರು, ಕೂಸು ಎಚ್ಚರ ಐತೆ" ಎಂದು ಅಜ್ಜಿ ನಗುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಹೇಳುವ ಮುಖವೂ ಉಳಿದಿರಲಿಲ್ಲ. ಹನ್ನೊಂದಕ್ಕೆ ಕೂಸು ಸೋತು ಮಲಗಿತು. ಒಂದು ಕಿವಿ ಹಸಿರು, ಇನ್ನೊಂದು ಕೆಂಪು. ದಾವಣಗೆರೆಗೆ ಬಂದು ದೊಡ್ಡ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟೆ.

ಮತ್ತೆ ದಾವಣಗೆರೆ, ಅಲ್ಲಿಂದ ಜಗಳೂರು ಬಸ್ಸು. ಕಾಲುವೆಯ ಹಸಿರು ಹಿಂದೆ ಉಳಿದು ಕೆಂಪು ಮಣ್ಣು, ದೂರದ ದಿಬ್ಬಗಳ ಮೇಲೆ ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು ಬಂದವು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ರೇಖಾಳ ಊರಿನಲ್ಲಿ ಇಳಿದಾಗ ಮೂರು ಗಂಟೆ ದಾಟಿತ್ತು.

ಮನೆಯ ಎದುರೇ ಜೋಳ ಒಕ್ಕುವ ಯಂತ್ರ ಗಡಗಡ ಎನ್ನುತ್ತಿತ್ತು. ರೇಖಾಳ ಅತ್ತೆ ಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಗಿಳಿದರು. "ಕೂಸಿನ ಕಿವಿ ನೋಡ್ತಾರೆ. ಒಂದೀಟು ಹೊತ್ತು ನಿಲ್ಸ್ರಪ್ಪಾ." ಯಂತ್ರ ನಿಂತಿತು. ಫ್ಯಾನು, ಪಕ್ಕದ ಮನೆಯ ಟೀವಿ, ಹೆಂಗಸರ ಮಾತು ಎಲ್ಲವೂ ನಿಂತು ಬೀದಿಯೇ ಮಧ್ಯಾಹ್ನದ ನಿದ್ದೆಗೆ ಜಾರಿದಂತಾಯಿತು.

ಆ ಮೌನದಲ್ಲಿ ಝಲ್ ಝಲ್ ಎಂದು ಗೆಜ್ಜೆ ಕೇಳಿತು. ಭೂಮಿಕಾ. ಕೂಗಿದರೆ ಓಗೊಡುವವಳಲ್ಲವಲ್ಲ, ಎಲ್ಲಿದ್ದಾಳೆಂದು ಗೊತ್ತಾಗಲಿ ಎಂದು ತಾಯಿ ದಪ್ಪ ಗೆಜ್ಜೆ ಕಟ್ಟಿದ್ದಳು. ಎಲ್ಲರೂ ತುಟಿಗೆ ಬೆರಳಿಟ್ಟು ಅವಳತ್ತ ನೋಡಿದರು. ಅವಳೂ ತುಟಿಗೆ ಬೆರಳಿಟ್ಟುಕೊಂಡು, ಝಲ್ ಝಲ್ ಎನ್ನುತ್ತಲೇ ತುದಿಗಾಲಲ್ಲಿ ಬಂದು ನನ್ನ ಪಕ್ಕ ಕುಳಿತಳು. ನಗು ತಡೆದುಕೊಂಡು ಪೆಟ್ಟಿಗೆ ತೆರೆದೆ.

ಬಿರಡೆ ಇಟ್ಟೆ. ಕೆಂಪು. ಇನ್ನೊಂದು ಕಿವಿ. ಕೆಂಪು.

ರೇಖಾ ಪರದೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಬಿರಡೆ ಒರೆಸಲು ಹೋದಾಗ ಬೆರಳು ಜಾರಿತು. ಮೂಗಿಗೆ ಹಿಡಿದರೆ ಹರಳೆಣ್ಣೆ, ಬೆಳ್ಳುಳ್ಳಿ.

"ಕಿವಿಗೆ ಎಣ್ಣೆ ಬಿಟ್ಟೀರೇನಮ್ಮಾ?" ಎಂದೆ.

"ದಿನಾ ಬಿಡ್ತೀನಿ" ಎಂದರು ಗಂಗಮ್ಮ. "ಆಸ್ಪತ್ರ್ಯಾಗೆ ಕೇಳಲ್ಲ ಅಂದ್ರಲ್ಲ, ಅವತ್ತಿಂದ ಎಣ್ಣೆಗೆ ಬೆಳ್ಳುಳ್ಳಿ ಕುದಿಸಿ ಎರಡು ಹೊತ್ತು ಬಿಡಾಕತ್ತೀನಿ. ಭೂಮಿಗೆ ಬಿಡಲಿಲ್ಲ, ಅದಕ್ಕೇ ಹಿಂಗಾತು ಅಂತ ನನಗೆ ಸಂಕಟ. ಇವನದಾದ್ರೂ ತೆರೀಲಿ ಅಂತ."

ನನಗೆ ಸಿಟ್ಟು ಬರಬೇಕಿತ್ತು. ಎಣ್ಣೆ ಬಿಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೆನೇ ಎಂದು ನೆನಪಿಸಿಕೊಂಡೆ. ಹೇಳಿರಲಿಲ್ಲ. ಅವತ್ತು ಸಾಲು ಉದ್ದವಿತ್ತು. ಕೆಂಪು ಎಂದರೆ ಕಿವುಡು ಎಂದಲ್ಲ, ಮತ್ತೊಮ್ಮೆ ನೋಡಬೇಕು ಎಂದಷ್ಟೇ. ಅದನ್ನೂ ಬಿಡಿಸಿ ಹೇಳಿರಲಿಲ್ಲ. ಕಿವಿಯ ತುಂಬ ಎಣ್ಣೆ ನಿಂತಿದ್ದರೆ ನನ್ನ ಯಂತ್ರದ ಸದ್ದು ಒಳಗೆ ಹೋಗುವುದು ಹೇಗೆ? "ತಪ್ಪು ನಂದೂ ಐತಮ್ಮಾ" ಎಂದೆ.

ಪಕ್ಕದೂರಿನ ಆರೋಗ್ಯ ಕೇಂದ್ರಕ್ಕೆ ರೇಖಾಳ ಗಂಡ ಬೈಕಿನಲ್ಲಿ ಕರೆದೊಯ್ದ. ಅಲ್ಲಿನ ವೈದ್ಯೆ ಎರಡೂ ಕಿವಿಯ ಎಣ್ಣೆ ತೆಗೆದರು. ಕೂಸು ಊರು ಒಂದು ಮಾಡಿ ಅತ್ತಿತು. ಮನೆಗೆ ಮರಳಿ, ಹಾಲು ಕುಡಿದು, ಬಿಕ್ಕುತ್ತ ಬಿಕ್ಕುತ್ತ ಮಲಗುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಮತ್ತೆ ಒಕ್ಕುವ ಯಂತ್ರ ನಿಂತಿತು, ಟೀವಿ ನಿಂತಿತು. ಈ ಸಲ ಭೂಮಿಕಾ ತಾನೇ ಗೆಜ್ಜೆ ಬಿಚ್ಚಿಟ್ಟು ಬಂದಳು. ಯಾರು ಹೇಳಿದರೋ ತಿಳಿಯದು.

ಹಸಿರು. ಇನ್ನೊಂದು ಕಿವಿ. ಹಸಿರು.

ಅಕ್ಕನಿಗೆ ಹೀಗಿರುವುದರಿಂದ ಇವನಿಗೆ ದಾವಣಗೆರೆಯಲ್ಲಿ ಇನ್ನೊಂದು ಪರೀಕ್ಷೆ ಬೇಕೇ ಬೇಕು ಎಂದೆ. ಆದರೆ ಇವತ್ತು ಧೈರ್ಯವಾಗಿ ಮಲಗಿ ಎಂದೂ ಹೇಳಿದೆ. ಗಂಗಮ್ಮ ಗೋಡೆ ಹಿಡಿದು ಕುಳಿತುಬಿಟ್ಟರು. ರೇಖಾ ಕೂಸಿನ ಕಿವಿಯ ಬಳಿ ಬಾಗಿ ಏನೋ ಪಿಸುಗುಟ್ಟಿದಳು. ನನಗೆ ಕೇಳಲಿಲ್ಲ, ಕೇಳಬೇಕಾದವನಿಗೆ ಕೇಳಿರಬೇಕು.

ಪೆಟ್ಟಿಗೆ ಮುಚ್ಚಲು ಹೋದಾಗ ಭೂಮಿಕಾ ನನ್ನ ಕೈ ಹಿಡಿದಳು. ಕೂದಲು ಹಿಂದೆ ಸರಿಸಿ ಕಿವಿ ಒಡ್ಡಿದಳು. ನಾನು ರೇಖಾಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ತಮ್ಮ ಮಲಗಿದ್ದನಲ್ಲ, ಹಾಗಾಗಿ ಭೂಮಿಕಾ ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು. ಬೀದಿ ಇನ್ನೂ ಸುಮ್ಮನಿತ್ತು. ಆ ಒಂದು ನಿಮಿಷ ಬಲು ಉದ್ದವಾಯಿತು. ಪರದೆ ಅವಳಿಗೆ ಕಾಣದಂತೆ ತಿರುಗಿಸಬೇಕಿತ್ತು, ಹೊಳೆಯಲಿಲ್ಲ.

ಅವಳು ಕಣ್ಣು ಬಿಟ್ಟಳು, ಕೆಂಪು ನೋಡಿದಳು, ಮುಖವೆಲ್ಲ ಅರಳಿತು. ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಅಜ್ಜಿಗೆ, ಅಪ್ಪನಿಗೆ, ಬಾಗಿಲಲ್ಲಿದ್ದ ನೆರೆಯವರಿಗೆ ಒಬ್ಬೊಬ್ಬರಿಗೂ ತೋರಿಸಿಬಂದಳು.

"ಅವಳಿಗೆ ಕೆಂಪು ಅಂದ್ರೆ ಬಾಳ ಇಷ್ಟ ರೀ" ಎಂದಳು ರೇಖಾ. ಮಧ್ಯಾಹ್ನದಿಂದ ತಡೆದಿದ್ದವಳು ಆಗ ಅತ್ತಳು.

ದಾವಣಗೆರೆಯ ಚೀಟಿಯಲ್ಲಿ ಕೂಸಿನ ಹೆಸರಿನ ಕೆಳಗೆ ಭೂಮಿಕಾ ಎಂದೂ ಬರೆದೆ. ಕೈಸನ್ನೆಯ ಮಾತು ಕಲಿಸುವ ಶಾಲೆಯ ವಿಚಾರವನ್ನು ಮನೆಯವರನ್ನೆಲ್ಲ ಕೂರಿಸಿ ಹೇಳಬೇಕಿತ್ತು. ರೇಖಾ ಚೀಟಿ ಓದಿ, "ಇವಳದು ಮುಗಿದೈತಲ್ರೀ?" ಎಂದಳು.

"ಹಂಗಂತ ಯಾರು ಹೇಳಿದ್ರು?"

ಅವಳು ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು. "ಯಾರೂ ಹೇಳಲಿಲ್ಲ. ನಾವೇ ಕೇಳಾದು ಬಿಟ್ಟಿದ್ವಿ."

ಕೊನೆಯ ಬಸ್ಸಿಗೆ ಎಲ್ಲರೂ ರಸ್ತೆಯವರೆಗೆ ಬಂದರು. ಬಸ್ಸು ಹೊರಟ ಮೇಲೆ ಹಿಂದಿನ ಕಿಟಕಿಯಿಂದ ನೋಡಿದೆ. ಜೋಳ ತುಂಬಿದ ಟ್ರ್ಯಾಕ್ಟರೊಂದು ಊರೊಳಗಿಂದ ಬಂದು ಉದ್ದಕ್ಕೆ ಹಾರ್ನು ಹೊಡೆಯಿತು. ಎಲ್ಲರೂ ಬದಿಗೆ ಸರಿದರು. ಭೂಮಿಕಾ ನಡುರಸ್ತೆಯಲ್ಲೇ ನಿಂತು, ನಗುತ್ತ, ಎರಡೂ ಕೈ ಎತ್ತಿ ನನಗೆ ಬೀಸುತ್ತಿದ್ದಳು. ಗಂಗಮ್ಮ ಓಡಿಬಂದು ಅವಳನ್ನು ಎದೆಗವಚಿ ಪಕ್ಕಕ್ಕೆ ಎಳೆದುಕೊಂಡರು.