ಜೋಳ ಬೀಳುವ ಸದ್ದು

ನನಗೆ ರೆಕಾರ್ಡಿಂಗ್ ಕಲಿಸಿದವರು ಬಸವಕಲ್ಯಾಣದ ಮೈಕ್ ಸೆಟ್ ಅಂಗಡಿಯವರು. ಎಲ್ಲಿಗೆ ಹೋದರೂ ಟೇಪ್ ರೆಕಾರ್ಡರನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಆ ಕೋಣೆಯ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. “ಮೊದಲ ಖೋಲಿ ಕೇಳ್ರಿ, ಆಮ್ಯಾಲ ಗುಂಡಿ ಒತ್ರಿ” ಎನ್ನುತ್ತಿದ್ದರು.

ಹುಮನಾಬಾದಿನ ನಮ್ಮ ಮನೆಯಲ್ಲಿ ಅವ್ವನ ಬೀಸುವ ಹಾಡು ಟೇಪ್ ಮಾಡಲು ಒಮ್ಮೆ ಅವರನ್ನು ಕರೆತಂದಿದ್ದೆ. ಗದ್ದಲವಾಗುತ್ತದೆಂದು ನಾನು ಬೀಸುಕಲ್ಲು ನಿಲ್ಲಿಸಿಬಿಟ್ಟಿದ್ದೆ. ಅವ್ವನಿಗೆ ಎರಡನೇ ಸಾಲೇ ನೆನಪಾಗಲಿಲ್ಲ.

“ಕಲ್ಲಿನ ಗೂಟ ಹಿಡಿದ್ರ ಹಾಡು ಬರ್ತದ್ರಿ ಅವ್ವಾರ, ನೀವು ಬೀಸ್ರಿ” ಎಂದು ಅವರು ಮೈಕನ್ನು ಮೊಳದಷ್ಟು ಹಿಂದೆ ಸರಿಸಿದರು.

ಹಾಡು ತಾನಾಗಿ ಬಂತು. ನಡುವೆ ಅವ್ವ ದನಿ ನಿಲ್ಲಿಸಿ ಕಲ್ಲಿಗೆ ಜೋಳ ಹಾಕಿದಳು. ಟೇಪು ನಿಲ್ಲಿಸಲು ಹೋದ ನನ್ನ ಕೈಯನ್ನು ಅವರು ಮೆಲ್ಲಗೆ ಹಿಡಿದರು.

ಆ ಹಾಡು ಊರಲ್ಲಿ ಇನ್ನೂ ಹಲವರಿಗೆ ಬರುತ್ತದೆ. ಅವ್ವನ ಹಿಡಿಯಿಂದ ಜೋಳ ಬೀಳುವ ಸದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ.