ತಂಗಿಯ ಪಾಲು

ಮನೆಗೆ ಬಂದ ಮೊದಲ ದಿನವೇ ಅವಳು ನನ್ನನ್ನು ‘ಅವ್ವಾ’ ಎಂದು ಕರೆದಳು. ನೆಂಟರೆಲ್ಲ ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ಅದು ಶಿಶುಕೇಂದ್ರದ ಆಯಾಗಳು ಹೇಳಿಕೊಟ್ಟು ಕಳಿಸಿದ ಮಾತು ಎಂದು ನನಗೆ ಗೊತ್ತಿತ್ತು. ಆರು ವರ್ಷದ ಹುಡುಗಿ ಪಾಠ ಒಪ್ಪಿಸುವ ಹಾಗೆ ಅವ್ವಾ, ಅಪ್ಪಾ, ಅಕ್ಕಾ, ಅಣ್ಣಾ ಎಂದು ನಮ್ಮೆಲ್ಲರನ್ನೂ ಸಾಲಾಗಿ ಕರೆದು, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟಳು.

ನಮಗೆ ಆಗಲೇ ಇಬ್ಬರು ಮಕ್ಕಳಿದ್ದರು. ಮಗಳು ಏಳನೆಯ ತರಗತಿ, ಮಗ ನಾಲ್ಕನೆಯದು. ಇಬ್ಬರಿದ್ದೂ ಇನ್ನೊಬ್ಬಳನ್ನು ದತ್ತು ಯಾಕೆ ತಂದಿರಿ ಎಂದು ಕೇಶ್ವಾಪುರದ ನಮ್ಮ ಓಣಿಯಲ್ಲಿ ಕೇಳದವರಿಲ್ಲ. ‘ಬೇಕನಿಸ್ತು, ತಂದ್ವಿರಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಒಳಗೆ ಬರುತ್ತಿದ್ದೆ. ಎಲ್ಲರಿಗೂ ಹಸುಗೂಸೇ ಬೇಕು. ಇಷ್ಟು ದೊಡ್ಡವಳನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಅವರಿಗೆ ಯಾಕೆ ಹೇಳಲಿ?

ಅವಳು ಏನನ್ನೂ ಕೇಳುತ್ತಿರಲಿಲ್ಲ. ಬಡಿಸಿದಷ್ಟು ಉಣ್ಣುವಳು, ಬಡಿಸದಿದ್ದರೆ ಖಾಲಿ ತಾಟಿನ ಮುಂದೆ ಸುಮ್ಮನೆ ಕೂತಿರುವಳು. ನೀರು ಕುಡಿಯಲೂ ನನ್ನ ಮುಖ ನೋಡುವಳು. ಮನೆ ಮುಂದೆ ಯಾವುದಾದರೂ ಕಾರು ನಿಂತರೆ ಓಡಿಹೋಗಿ ಚಪ್ಪಲಿ ಹಾಕಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂರುವಳು. ಮೊದಲು ಅದು ನನಗೆ ಅರ್ಥವಾಗಲಿಲ್ಲ. ತನ್ನನ್ನು ವಾಪಸ್ ಕರೆದೊಯ್ಯಲು ಯಾರೋ ಬಂದಿದ್ದಾರೆ ಎಂದುಕೊಂಡು ಅವಳು ತಯಾರಾಗುತ್ತಿದ್ದಳು. ಈ ಮನೆ ತನ್ನದು ಎಂದು ಅವಳಿಗೆ ಅನಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಅದಕ್ಕಾಗಿ ನನ್ನ ಗಂಡ ಒಂದು ಕಾಯಿದೆ ಮಾಡಿದರು. ‘ತಂಗಿ ಏನ ಮುಟ್ಟಿದ್ರೂ ಬ್ಯಾಡ ಅನಬ್ಯಾಡ್ರಿ. ಆಕಿ ಜೋಡಿ ಜಗಳಾ ಅಂತೂ ಆಡಲೇಬ್ಯಾಡ್ರಿ’ ಎಂದು ಇಬ್ಬರಿಗೂ ತಾಕೀತಾಯಿತು. ನಾನೂ ಹೂಂ ಎಂದೆ. ಮಕ್ಕಳು ಪಾಪ, ಪಾಲಿಸಿದರು. ಮಗ ಕಹಿ ಔಷಧ ಕುಡಿದ ಮುಖ ಮಾಡಿಕೊಂಡು ತನ್ನ ಸೈಕಲ್ಲು ಬಿಟ್ಟುಕೊಟ್ಟ. ಮಗಳು ಬಣ್ಣದ ಪೆನ್ನುಗಳ ಡಬ್ಬಿಯನ್ನೇ ಕೊಟ್ಟಳು. ಚಿಕ್ಕವಳು ಎರಡನ್ನೂ ಮುಟ್ಟದೆ, ಯಾರಾದರೂ ಹೇಳಲಿ ಎಂದು ಕಾಯುತ್ತಾ ಕೂತಳು. ‘ಆಕಿ ಜೋಡಿ ಆಟಾನ ಆಗವಲ್ದು ಅವ್ವಾ. ಏನ ಅಂದ್ರೂ ಹೂಂ ಅಂತಾಳ’ ಎಂದು ಮಗಳು ಅಡುಗೆಮನೆಗೆ ಬಂದು ದೂರಿದಳು. ಪಕ್ಕದ ಮನೆಯವರು ‘ಎಷ್ಟ ಶಾಣ್ಯಾ ಅದಾವ್ರೀ ನಿಮ್ಮ ಹುಡುಗ್ರು’ ಎಂದು ಹೊಗಳಿದರೆ ನನಗೆ ಮೈ ಉರಿಯುತ್ತಿತ್ತು. ದೊಡ್ಡವರಿಬ್ಬರೂ ಟಿವಿ ರಿಮೋಟಿಗಾಗಿ ಒಬ್ಬರ ಕೂದಲು ಒಬ್ಬರು ಕಿತ್ತುಕೊಂಡು ಬೆಳೆದವರು. ಈಗಿನ ಶಾಂತಿ ನೋಡಿದರೆ ಯಾರದೋ ಮನೆಗೆ ಬಂದ ಹಾಗಿತ್ತು.

ನಾಗಪಂಚಮಿಗೆಂದು ಅತ್ತೆ ಧಾರವಾಡದಿಂದ ಬಂದರು. ಮೊದಲು ಏನೂ ಅನ್ನದೆ ಎಲ್ಲವನ್ನೂ ನೋಡಿದರು. ನಾವಿಬ್ಬರೂ ಶೇಂಗಾ ಉಂಡಿ ಕಟ್ಟುತ್ತಾ ಕೂತಿದ್ದಾಗ ಮಾತು ತೆಗೆದರು.

‘ಅಲ್ಲವಾ, ಕೂಸಿನ್ನ ಮಗಳಂತ ತಂದೀರೋ, ಬೀಗರಂತ ತಂದೀರೋ?’

‘ಯಾಕ್ರಿ ಅತ್ತಿ?’

‘ಬೀಗರಿಗೆ ಮಾಡಿದಂಗ ಉಪಚಾರ ಮಾಡಾಕತ್ತೀರಿ. ಬೀಗರು ಅಂದಮ್ಯಾಲೆ ತಿರುಗಿ ಹೋಗೋರ ಅಲ್ಲೇನು? ಆಕೀನೂ ಹಂಗ ತಿಳಕೊಂಡಾಳ.’

ಸಂಜೆ ಪಡಸಾಲೆಯ ಕೊಂಡಿಗೆ ಜೋಕಾಲಿ ಕಟ್ಟಿಸಿ, ದೊಡ್ಡವರಿಬ್ಬರನ್ನೂ ಕರೆದು, ಅಪ್ಪನ ಕಾಯಿದೆ ಇವತ್ತಿಗೆ ರದ್ದು ಎಂದು ಹೇಳಿದೆ. ಮಗನಿಗೆ ಅಷ್ಟೇ ಸಾಕಾಗಿತ್ತು. ಜೋಕಾಲಿಯಲ್ಲಿ ಕೂತಿದ್ದ ಚಿಕ್ಕವಳ ಮುಂದೆ ನಿಂತು ‘ಇಳಿ, ನನ್ನ ಪಾಳಿ’ ಎಂದ. ಅವಳು ತಕ್ಷಣ ಇಳಿದು ಗೋಡೆಗೆ ಒತ್ತಿ ನಿಂತಳು. ಅಳಲಿಲ್ಲ. ಬಾಗಿಲ ಕಡೆ ನೋಡಿದಳು, ಅಷ್ಟೇ. ಅತ್ತೆಯ ಮಾತು ಕೇಳಿ ಕೆಟ್ಟೆನಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹಾಲೆರೆಯುವುದಿತ್ತು. ನಮ್ಮ ಕಡೆ ಮಣ್ಣಿನ ನಾಗಪ್ಪನ ಮುಂದೆ ಒಬ್ಬೊಬ್ಬರಾಗಿ ಕೂತು, ಕೊಬ್ಬರಿ ಬಟ್ಟಲಿನಿಂದ ಮನೆಯ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಹಾಲು ಹಾಕಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಮನೆಯವರೆಂದ ಮೇಲೆ ಯಾರದನ್ನೂ ಬಿಡುವಂತಿಲ್ಲ. ಮಗಳು ನಿಧಾನವಾಗಿ ಎಲ್ಲರದನ್ನೂ ಹಾಕಿ, ಕೊನೆಗೆ ‘ತಂಗಿ ಪಾಲು’ ಎಂದಳು. ಚಿಕ್ಕವಳು ಬಗ್ಗಿ ನೋಡಿದಳು. ಆಮೇಲೆ ಮಗ ಕೂತ. ಅವನ ಜೀವವೆಲ್ಲ ಜೋಕಾಲಿಯಲ್ಲಿತ್ತು. ಮಾತು ಬಂದಾಗಿನಿಂದ ಹೇಳುತ್ತಾ ಬಂದದ್ದನ್ನೇ ಗಡಗಡ ಹೇಳಿ, ‘ಅಜ್ಜಿ ಪಾಲು, ಅಕ್ಕನ ಪಾಲು, ನನ್ನ ಪಾಲು’ ಎಂದು ಬಟ್ಟಲು ಕೆಳಗಿಟ್ಟು ಎದ್ದುಬಿಟ್ಟ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದರು.

‘ನಂದು?’ ಎಂದಳು ಚಿಕ್ಕವಳು.

‘ಮರತೆ. ಅಕ್ಕ ಹಾಕ್ಯಾಳಲ್ಲ, ಸಾಕು.’

‘ನೀ ಹಾಕಿಲ್ಲ.’

‘ಬರೂ ವರ್ಷ ಹಾಕ್ತೀನಿ, ಬಿಡು.’

‘ಈಗ ಹಾಕು.’

ಹೊರಟವನ ಅಂಗಿಯನ್ನು ಅವಳು ಎರಡೂ ಕೈಯಿಂದ ಹಿಡಿದಳು. ಅವನು ಕೊಸರಿಕೊಂಡ. ಹೊಸ ಅಂಗಿಯ ಗುಂಡಿ ಕಿತ್ತು ಬಂತು. ಅವಳು ನೆಲಕ್ಕೆ ಕೂತು, ಕಾಲು ಬಡಿದು, ಓಣಿಗೆಲ್ಲ ಕೇಳುವ ಹಾಗೆ ಅತ್ತಳು. ಅವಳು ಅತ್ತದ್ದನ್ನು ನಮ್ಮಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ನನ್ನ ಗಂಡ ಗಾಬರಿಯಾಗಿ ಬಟ್ಟಲು ಎತ್ತಿಕೊಂಡು, ‘ನಾ ಹಾಕ್ತೀನವಾ, ನೋಡಿಲ್ಲೆ, ಸಣ್ಣ ಮಗಳ ಪಾಲು’ ಎಂದರು.

‘ನೀ ಬ್ಯಾಡ’ ಎಂದು ಬಿಕ್ಕಿದಳು. ‘ಅಣ್ಣಾನ ಹಾಕಬೇಕು.’

ಮಗ ನನ್ನ ಕಡೆ ತಿರುಗಿದ.

‘ನನ್ನ ಮುಖಾ ಏನ ನೋಡ್ತಿ? ಆಕಿ ನಿನ್ನ ಕೇಳಾಕತ್ತಾಳ’ ಎಂದೆ. ಧ್ವನಿ ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ನನಗೆ ಹೇಳಲಾರದಷ್ಟು ಸಂತೋಷವಾಗುತ್ತಿತ್ತು, ಕಣ್ಣು ತುಂಬಿ ನಾಗಪ್ಪನೂ ಕಾಣುತ್ತಿರಲಿಲ್ಲ.

ಅವನು ಗೊಣಗುತ್ತಾ ಮತ್ತೆ ಮಣೆಯ ಮೇಲೆ ಕೂತು, ‘ತಂಗಿ ಪಾಲು’ ಎಂದು ನಾಲ್ಕು ಹನಿ ಹಾಕಿದ. ಅವಳು ಅಳು ನಿಲ್ಲಿಸಿದಳು. ಲಂಗದ ತುದಿಯಿಂದ ಮೂಗು ಒರೆಸಿಕೊಂಡು, ಅವನ ಪಕ್ಕಕ್ಕೆ ಸರಿದು ಕೂತು, ಹಾಲನ್ನೇ ದಿಟ್ಟಿಸಿ ನೋಡಿದಳು.

‘ಅಕ್ಕಂದು ಭಾಳ ಹಾಕಿದಿ’ ಎಂದಳು. ‘ನಂದೂ ಅಷ್ಟ ಹಾಕು.’