ತಗ್ಗಿಸಿದ ಕಾರು

ಶಹಾಪುರದ ನಮ್ಮ ಓಣಿಯ ಮೆಕ್ಯಾನಿಕ್ ತನ್ನ ಹಳೇ ಜಪಾನಿ ಸ್ಪೋರ್ಟ್ಸ್ ಕಾರನ್ನು ತಾನೇ ಬಿಚ್ಚಿ, ಸ್ಪ್ರಿಂಗ್ ಕತ್ತರಿಸಿ, ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ. ಹಂಪ್ಸ್ ಬಂದರೆ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ದಾಟಿಸುತ್ತಿದ್ದ.

ಮಾರಲು ನಿಂತಾಗ ಯಾರೇ ಬರಲಿ, "ಮೊದಲ ಕೆಳಗ ಮಲಗಿ ನೋಡ್ರಿ" ಅನ್ನುವವ. ತಾನೇ ಜಾಕ್ ಹಚ್ಚಿ ಕಾರು ಎತ್ತಿ, ಗೋಣಿಚೀಲ ಹಾಸಿ, ವೆಲ್ಡಿಂಗ್ ಮಾಡಿದ ಜಾಗಗಳನ್ನೆಲ್ಲ ತೋರಿಸುವವ. ಮೂವರು ಅಂಗಿ ಝಾಡಿಸಿಕೊಂಡು ಹೋದರು.

"ಸುಮ್ಮನಿದ್ದಿದ್ರ ಮಾರಿ ಹೋಗತಿತ್ತಲ್ಲೋ!" ಎಂದು ಬೈದೆ.

"ಆಮ್ಯಾಲ ಗೊತ್ತಾದ್ರ ಗಾಡಿಗಿ ಬೈತಾರ್ರಿ ಸರ," ಅಂದ.

ಕೊನೆಗೆ ಬಂದ ಸುರಪುರದವನೊಬ್ಬ ಕಾರಿನ ಕೆಳಗೆ ಮಲಗಿದವನು ಅರ್ಧ ತಾಸು ಏಳಲೇ ಇಲ್ಲ. ಅಲ್ಲಿಂದಲೇ, "ಇದು ನನಗ ಬೇಕ್ರಿ," ಅಂದ. ಅವನಿಗೇ ಕೊಟ್ಟ.

ಮರುದಿನ ಮೆಕ್ಯಾನಿಕ್ ಹಳೇ ಸ್ಕೂಟರ್ ಮೇಲೆ ಬಂದ. ಓಣಿಯ ಹಂಪ್ಸನ್ನು ಓರೆಯಾಗಿಯೇ ದಾಟಿದ.